ಬೆಸುಗೆ ಬಿಟ್ಟಿದ್ದಲ್ಲ

ಸಾರಕ್ಕಿ ಕಡೆಯ ಗ್ಯಾರೇಜುಗಳಲ್ಲಿ ಈ ಕಥೆಯನ್ನು ಹೀಗೆ ಹೇಳುತ್ತಾರೆ. ಒಬ್ಬ ಗ್ಯಾಸ್ ವೆಲ್ಡರ್ ಇದ್ದ, ಬಾಯಿ ಜೋರು. ಯಾರದೋ ಹಳೇ ಸ್ಪೋರ್ಟ್ಸ್ ಕಾರಿನ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಸೀಳು ಬಿಟ್ಟಿತ್ತು. ನಾನು ಬೆಸೆದರೆ ಜನ್ಮಕ್ಕೂ ಬಿಡಲ್ಲ ಅಂದ. ಗಾಡಿ ಸ್ಟಾರ್ಟ್ ಮಾಡಿದ್ದೇ ತಡ, ಬೆಸುಗೆ ಬಿಟ್ಟುಕೊಂಡಿತು. ಆಮೇಲೆ ಜಂಬ ಇಳಿದು ಎರಡನೇ ಸಲ ಮನಸ್ಸಿಟ್ಟು ಬೆಸೆದ, ಗಾಡಿ ಓಡಿತು. ಇಷ್ಟು ಹೇಳಿ ಟೀ ಲೋಟ ಕೆಳಗಿಟ್ಟು, "ಅದಕ್ಕೇ ಹೇಳೋದು, ಕೈ ಮಾತಾಡ್ಬೇಕು, ಬಾಯಲ್ಲ" ಅನ್ನುತ್ತಾರೆ.

ಕಥೆ ಚೆನ್ನಾಗಿದೆ. ಕಾಲೇಜಿನಲ್ಲಿ ನಮಗೆ ಚರ್ಚಾಸ್ಪರ್ಧೆ ಕಲಿಸಿದ ಮೇಷ್ಟ್ರು, ಎದುರಾಳಿಯ ಮಾತಿನಲ್ಲಿ ನಿಜ ಎಷ್ಟಿದೆಯೋ ಅಷ್ಟನ್ನು ಮೊದಲು ಒಪ್ಪಿಕೊಂಡುಬಿಡು, ಆಮೇಲೆ ಉಳಿದಿದ್ದನ್ನು ಹಿಡಿ ಅನ್ನುತ್ತಿದ್ದರು. ಒಪ್ಪುತ್ತೇನೆ. ವೆಲ್ಡರ್ ಬಾಯಿ ಜೋರು, ಜಂಬ ಕೊಚ್ಚಿದ್ದು ನಿಜ, ಬೆಸೆದಿದ್ದು ಎರಡು ಸಲ, ಗಾಡಿ ಓಡಿದ್ದೂ ಹೌದು. ನಡುವೆ ಉಳಿಯುವುದು ಒಂದೇ ವಾಕ್ಯ: ಬೆಸುಗೆ ಬಿಟ್ಟುಕೊಂಡಿತು. ಆ ಒಂದು ವಾಕ್ಯದಿಂದ ಒಬ್ಬನ ಕೆಲಸ ಹೋಯಿತು. ಹೀಗೆ ಹೇಳುವವರಲ್ಲಿ ಒಬ್ಬರನ್ನು ಬಿಟ್ಟರೆ ಮತ್ಯಾರೂ ಆ ಮ್ಯಾನಿಫೋಲ್ಡನ್ನು ಕೈಯಲ್ಲಿ ಹಿಡಿದು ನೋಡಿದವರಲ್ಲ. ನಾನು ನೋಡಿದ್ದೇನೆ. ಎರಡು ಸಲ ಬಿಚ್ಚಿದವನೂ ಎರಡು ಸಲ ಕೂರಿಸಿದವನೂ ನಾನೇ.

ಎಂಬತ್ತರ ದಶಕ ಆಗ ತಾನೇ ಶುರುವಾಗಿತ್ತು. ಡಿಪ್ಲೊಮಾ ಮುಗಿಸಿ, ಹನುಮಂತನಗರದಿಂದ ದಿನಾ ಸೈಕಲ್ ತುಳಿದು ಸಾರಕ್ಕಿಯ ಗ್ಯಾರೇಜಿಗೆ ಬರುತ್ತಿದ್ದೆ. ಗ್ಯಾರೇಜಿನ ಮಾಲೀಕರನ್ನು ಎಲ್ಲರೂ ಮೇಸ್ತ್ರಿ ಅನ್ನುತ್ತಿದ್ದರು. ಏನು ಹೇಳಿದರೂ 'ಯಾಕೆ' ಅಂತ ಕೇಳುತ್ತೇನೆಂದು ಅವರು ನನಗೆ ಲಾಯರ್ ಅಂತ ಹೆಸರಿಟ್ಟಿದ್ದರು. ಬೈಗುಳವೂ ಅದೇ, ಮುದ್ದೂ ಅದೇ.

ಕಾರು ಜಯನಗರದ ಒಬ್ಬ ಬ್ಯಾಂಕ್ ಆಫೀಸರದ್ದು. ಇಂಗ್ಲೆಂಡಿನಲ್ಲಿ ಮಾಡಿದ, ಮೇಲ್ಛಾವಣಿ ಇಲ್ಲದ, ಎರಡೇ ಸೀಟಿನ ಗಾಡಿ. ಯಾವುದೋ ತೋಟದ ದೊರೆ ಬಿಟ್ಟುಹೋದದ್ದನ್ನು ಅವರ ಮಾವ ಕೊಂಡಿದ್ದರಂತೆ. ಊರಿನಲ್ಲಿ ಹಳೇ ಕಾರುಗಳ ರ‍್ಯಾಲಿ ನಡೆಯುವುದಿತ್ತು, ಅಷ್ಟರೊಳಗೆ ಗಾಡಿ ಓಡಬೇಕು ಅಂತ ಅವರ ಆಸೆ. ಗ್ಯಾರೇಜಿಗೆ ಬರುವಾಗಲೇ ಅದು ಪಟಪಟ ಅಂತ ಹೊಗೆ ಉಗುಳುತ್ತಿತ್ತು. ಬಾನೆಟ್ ಎತ್ತಿದ ಮೇಸ್ತ್ರಿ, "ಮ್ಯಾನಿಫೋಲ್ಡ್ ಹೋಗಿದೆ ಸಾರ್" ಅಂದರು.

ಮ್ಯಾನಿಫೋಲ್ಡ್ ಅಂದರೆ ಸಿಲಿಂಡರುಗಳಿಂದ ಬರುವ ಸುಟ್ಟ ಗಾಳಿಯನ್ನೆಲ್ಲ ಒಂದು ಕಡೆ ಸೇರಿಸಿ ಸೈಲೆನ್ಸರಿಗೆ ಕಳಿಸುವ ದಪ್ಪ ಕೊಳವೆಗಳ ಗೊಂಚಲು. ಬೀಡು ಕಬ್ಬಿಣದಲ್ಲಿ ಎರಕ ಹೊಯ್ದಿರುತ್ತಾರೆ. ಬೀಡು ಬಿಸಿಯನ್ನು ಎಷ್ಟು ಬೇಕಾದರೂ ತಡೆಯುತ್ತದೆ, ಬಗ್ಗು ಅಂದರೆ ಮಾತ್ರ ಬಗ್ಗುವುದಿಲ್ಲ, ಒಡೆಯುತ್ತದೆ. ಹೊಸದು ತರಿಸೋಣವೆಂದರೆ ಪರದೇಶದ ಸಾಮಾನು, ಯಾವ ಕಾಲಕ್ಕೆ ಬರುತ್ತದೋ. ಇರೋದನ್ನೇ ಬೆಸೆಯುವುದು ಅಂತಾಯಿತು.

ಬಿಚ್ಚುವುದೇ ಒಂದು ಕೆಲಸವಾಯಿತು. ನಟ್ಟುಗಳು ತುಕ್ಕಿನಲ್ಲಿ ಬೆರೆತು ಹೋಗಿದ್ದವು. ಸೀಮೆಎಣ್ಣೆ ಬಿಟ್ಟು ನೆನೆಹಾಕಿ, ಬೆಂಕಿ ಹಿಡಿದು, ಮತ್ತೆ ಎಣ್ಣೆ ಬಿಟ್ಟು, ಒಂದೊಂದನ್ನೇ ಹಿಂದೆಮುಂದೆ ಆಡಿಸಿ ತೆಗೆದೆವು. ಕೊನೆಯ ನಟ್ಟಿನ ಜತೆಗೆ ಅದು ಕೂತಿದ್ದ ಸ್ಟಡ್ ಅನ್ನುವ ಕಂಬಿಯೂ ಮುರಿದು ಬಂತು. ಎಂಜಿನ್ನಿನೊಳಗೆ ಉಳಿದ ತುಂಡನ್ನು ನಡುಮಧ್ಯದಲ್ಲಿ ಕೊರೆದು, ಹೊಸದಾಗಿ ತಿರುಪಿನ ಮರೆ ಕುಯ್ದು, ಬೇರೆ ಸ್ಟಡ್ ಹಾಕಬೇಕಾಯಿತು.

ಸೀಳು ಎಲ್ಲಿಂದ ಎಲ್ಲಿಯವರೆಗೆ ಅಂತ ಬರಿಗಣ್ಣಿಗೆ ಕಾಣುವುದಿಲ್ಲ. ತಂತಿ ಬ್ರಷ್ಷಿನಲ್ಲಿ ಉಜ್ಜಿ, ಸೀಮೆಎಣ್ಣೆ ಸವರಿ, ಒರೆಸಿ, ಮೇಲೆ ಸೀಮೆಸುಣ್ಣದ ಪುಡಿ ಉದುರಿಸಿದರೆ ಬಿರುಕಿನೊಳಗೆ ಕೂತಿದ್ದ ಎಣ್ಣೆ ಹೊರಗೆ ಬಂದು ಸುಣ್ಣದ ಮೇಲೆ ಗೆರೆ ಎಳೆಯುತ್ತದೆ. ಗೆರೆ ನಡುಭಾಗದಲ್ಲಿತ್ತು, ಎರಡು ಕೊಳವೆ ಕೂಡುವ ಸಂದಿನಲ್ಲಿ. ಈ ಜಾಗ ನೆನಪಿರಲಿ: ನಡುಭಾಗ.

ವೆಲ್ಡರ್ ತಲಘಟ್ಟಪುರದವನು. ಮೂವತ್ತೈದರ ಆಸುಪಾಸು, ಮೀಸೆಗೆ ಎಣ್ಣೆ ಹಚ್ಚುತ್ತಿದ್ದ. ನಮ್ಮ ಗ್ಯಾರೇಜಿನ ಪಕ್ಕದಲ್ಲೇ ಅವನ ಶೆಡ್ಡು. ಬೀಡು ಬೆಸೆಯುವ ಧೈರ್ಯ ಆ ಸುತ್ತಿನಲ್ಲಿ ಅವನೊಬ್ಬನಿಗೇ ಇತ್ತು. ಕನಕಪುರ ರಸ್ತೆಯ ಒಂದು ಪಂಪ್ ಸೆಟ್ ವರ್ಕ್‌ಶಾಪಿನವರು ತಮ್ಮ ಬೀಡಿನ ಕೆಲಸವನ್ನೆಲ್ಲ ಇವನಿಗೇ ಕೊಡುವ ಮಾತಾಡಿದ್ದರು. ಅದೊಂದು ಸಿಕ್ಕಿದರೆ ಶೆಡ್ಡಿಗೆ ಗೋಡೆ ಕಟ್ಟಿಸುತ್ತೇನೆ ಅಂತ ಎಲ್ಲರ ಹತ್ತಿರ ಹೇಳಿಕೊಂಡು ಓಡಾಡುತ್ತಿದ್ದ.

"ಅಣ್ಣ, ಇದು ನಿಲ್ಲುತ್ತಾ?" ಅಂದೆ.

"ನಿಲ್ಲುತ್ತಾ ಅಂತ ಕೇಳ್ತೀಯಲ್ಲೋ ಲಾಯರ್. ಈ ಬೆಸುಗೆ ಬಿಟ್ರೆ ಮೀಸೆ ಬೋಳಿಸ್ಕೋತೀನಿ, ಬರ್ಕೋ."

"ಬರ್ಕೋ ಮಗಾ, ಬರ್ಕೋ," ಅಂದರು ಮೇಸ್ತ್ರಿ. "ಆಮೇಲೆ ಮೀಸೆ ನಂದಲ್ಲ, ನಮ್ಮಣ್ಣಂದು ಅಂದಾನು."

ಕೆಲಸ ಮಾತ್ರ ಅವನು ಅವಸರವಿಲ್ಲದೆ ಮಾಡಿದ. ಬಿರುಕು ಮುಂದೆ ಓಡದಂತೆ ಎರಡೂ ತುದಿಗೆ ಸಣ್ಣ ತೂತು ಕೊರೆದ. ಬಿರುಕಿನುದ್ದಕ್ಕೂ ಕಾಲುವೆ ತೋಡಿದ. ಬಿಸಿಗೆ ಸೊಟ್ಟಗಾಗದಿರಲಿ ಅಂತ ಮ್ಯಾನಿಫೋಲ್ಡನ್ನು ದಪ್ಪ ತಗಡಿಗೆ ಬಿಗಿದು ಇದ್ದಿಲ ಒಲೆಯ ಮೇಲಿಟ್ಟು, ಇಡೀ ಸಾಮಾನು ಮಂಕು ಕೆಂಪಿಗೆ ಬಂದ ಮೇಲೆಯೇ ಜ್ವಾಲೆ ಹಿಡಿದ. ತುಂಬಲು ಬಳಸಿದ್ದು ಹಳೇ ಪಿಸ್ಟನ್ ರಿಂಗುಗಳ ತುಂಡು. ಅವೂ ಬೀಡೇ, ಜಾತಿಗೆ ಜಾತಿ ಸೇರುತ್ತೆ ಅಂದ. ಮುಗಿದ ಮೇಲೆ ಒಣ ಸುಣ್ಣದ ಪುಡಿ ತುಂಬಿದ ಡ್ರಮ್ಮಿನಲ್ಲಿ ಹೂತಿಟ್ಟು, "ನಾಳೆವರೆಗೂ ಯಾರೂ ಮುಟ್ಟಂಗಿಲ್ಲ" ಅಂದ. ಬಿಸಿ ಬೀಡು ನಿಧಾನವಾಗಿ ಆರಬೇಕು. ಗಾಳಿ ತಾಗಿದರೂ ಕೆಡುತ್ತದೆ.

ಮಾರನೇ ದಿನ ತೆಗೆದು ಸುಣ್ಣದ ಪರೀಕ್ಷೆ ಮಾಡಿದೆವು, ಗೆರೆ ಬರಲಿಲ್ಲ. ಎಂಜಿನ್ನಿಗೆ ತಾಗಿ ಕೂರುವ ಮುಖ ಕೂದಲೆಳೆಯಷ್ಟು ಬಾಗಿತ್ತು. ಜೆ.ಪಿ. ನಗರದ ಲೇತ್ ಅಂಗಡಿಯಲ್ಲಿ ಅದನ್ನು ಸಮ ಮಾಡಿಸಿದ್ದೇ ಹೊಸ ತೊಂದರೆಯಾಯಿತು. ಈ ಕಾರಿನಲ್ಲಿ ಗಾಳಿ ಒಳಗೆ ತರುವ ಮ್ಯಾನಿಫೋಲ್ಡು, ಹೊಗೆ ಹೊರಗೆ ಹಾಕುವ ಮ್ಯಾನಿಫೋಲ್ಡು, ಎರಡನ್ನೂ ಒಂದೇ ಸಾಲಿನ ನಟ್ಟುಗಳು ಹಿಡಿದಿರುತ್ತವೆ. ನಟ್ಟಿನಡಿಯ ದಪ್ಪ ವಾಷರ್ ಒಂದು ಕಾಲು ಇದರ ಮೇಲೆ, ಇನ್ನೊಂದು ಕಾಲು ಅದರ ಮೇಲೆ ಇಟ್ಟುಕೊಂಡು ನಿಲ್ಲಬೇಕು. ಒಂದನ್ನು ಲೇತಿಗೆ ಕೊಟ್ಟು ತೆಳ್ಳಗೆ ಮಾಡಿದ್ದರಿಂದ ವಾಷರ್ ವಾಲುತ್ತಿತ್ತು, ಬಿಗಿತವೆಲ್ಲ ಒಂದೇ ಕಡೆ ಹೋಗುತ್ತಿತ್ತು. ನಾನು ಇನ್ನೊಂದನ್ನೂ ಲೇತಿಗೆ ಕೊಡೋಣ ಅಂದೆ. ಮೇಸ್ತ್ರಿ ಬೇಡವೆಂದರು. ವಾಷರುಗಳನ್ನೇ ಒಂದೊಂದಾಗಿ ಹಿಡಿದು, ಅರ್ಧ ಭಾಗವನ್ನು ಅರದಿಂದ ಉಜ್ಜಿ ಮೆಟ್ಟಿಲು ಮಾಡಿದರು. ಎಲ್ಲವೂ ಸರಿಯಾಗಿ ಕೂತವು. ಇದನ್ನು ಹೇಳುವುದು ಯಾಕೆಂದರೆ, ಮೇಸ್ತ್ರಿ ಕೆಲಸ ತಿಳಿಯದವರಲ್ಲ. ಮುಂದಿನದನ್ನು ಓದುವಾಗ ಯಾರೂ ಅವರನ್ನು ಅಜ್ಞಾನಿ ಅಂದುಕೊಂಡು ಬಿಟ್ಟುಬಿಡಬಾರದು.

ಕೂರಿಸುವ ದಿನ ಶನಿವಾರ ಬಂತು. ಆಸ್ಬೆಸ್ಟಾಸ್ ಹಾಳೆಯನ್ನು ಎಂಜಿನ್ನಿಗೆ ಒತ್ತಿ ಹಿಡಿದು, ಸಣ್ಣ ಸುತ್ತಿಗೆಯಿಂದ ಅಂಚುಗಳನ್ನು ತಟ್ಟಿ ತಟ್ಟಿ, ಹೊಗೆ ಸೋರದಂತೆ ನಡುವೆ ಕೂರುವ ಗ್ಯಾಸ್ಕೆಟ್ ಕತ್ತರಿಸಿದೆ. ಹಿತ್ತಾಳೆ ನಟ್ಟುಗಳನ್ನು ನಡುವಿನಿಂದ ಶುರುಮಾಡಿ ಎರಡೂ ತುದಿಗೆ, ಸ್ವಲ್ಪ ಸ್ವಲ್ಪವೇ ಬಿಗಿದೆ. ಎಂಜಿನ್ ಬಿಸಿಯಾದ ಮೇಲೆ ಇನ್ನೊಂದು ಸುತ್ತು ಬಿಗಿಯಬೇಕು.

ಇಲ್ಲಿ ಮೇಸ್ತ್ರಿಯವರ ಒಂದು ಪದ್ಧತಿ ಹೇಳಬೇಕು. ಎಂಜಿನ್ ಕೆಲಸ ಮುಗಿದ ಯಾವ ಗಾಡಿಯನ್ನೂ ಅವರು ಹಾಗೇ ಸ್ಟಾರ್ಟ್ ಮಾಡುತ್ತಿರಲಿಲ್ಲ. ಕುಂಕುಮ ಇಟ್ಟು, ಕಾಯಿ ಒಡೆದು, ಎಳನೀರಿನಷ್ಟು ತಂಪಾದ ಆ ನೀರನ್ನು ಎಂಜಿನ್ ಮೇಲೆ ಬಿಟ್ಟು "ತಣ್ಣಗಿರವ್ವ" ಅಂದ ಮೇಲೆಯೇ ಬೀಗದಕೈ. ಇದರ ಬಗ್ಗೆ ನನ್ನ ತಕರಾರಿಲ್ಲ. ತಣ್ಣನೆ ಎಂಜಿನ್ ಮೇಲೆ ಕಾಯಿ ನೀರು ಬಿದ್ದರೆ ಯಾರಿಗೂ ನಷ್ಟವಿಲ್ಲ.

ಅವತ್ತು ಆಫೀಸರು ಬೇಗ ಬಂದರು, ಮುಖದಲ್ಲಿ ಆತಂಕ.

"ಮೇಸ್ತ್ರಿ, ಒಂಬತ್ತಕ್ಕೆ ರಾಹುಕಾಲ. ಅಷ್ಟರೊಳಗೆ ಒಂದ್ಸಲ ಸ್ಟಾರ್ಟ್ ಆಗ್ಬೇಕು. ನಮ್ಮ ಮಾವ ಕೇಳ್ತಾರೆ."

"ಕಾಯಿ ಎಲ್ಲಿ ಸಾರ್?"

"ಪೂಜೆ ಸಾಮಾನು ತಗೊಂಡು ಮನೆಯವರು ಆಟೋದಲ್ಲಿ ಬರ್ತಿದಾರೆ."

ಕಾದೆವು. ಆಟೋ ಬರಲಿಲ್ಲ. ಮೇಸ್ತ್ರಿ ಗಡಿಯಾರ ನೋಡಿದರು, ರಸ್ತೆ ನೋಡಿದರು, ಕಡೆಗೆ, "ಶಾಸ್ತ್ರಕ್ಕೆ ಸ್ಟಾರ್ಟ್ ಮಾಡ್ಬಿಡೋಣ, ಪೂಜೆ ಆಮೇಲೆ" ಅಂದರು. ಗಾಡಿ ಸ್ಟಾರ್ಟ್ ಆಯಿತು. ಸದ್ದು ಶುದ್ಧವಾಗಿತ್ತು, ಎಲ್ಲೂ ಪಟಪಟ ಇಲ್ಲ. ಬೇಲಿಯಾಚೆಯಿಂದ ವೆಲ್ಡರ್ ಇಣುಕಿ ಮೀಸೆ ತಿರುವಿ ಹೋದ. ಬಿಸಿಯಾಗಲಿ ಅಂತ ಒಳ್ಳೇ ಹೊತ್ತು ಓಡಲು ಬಿಟ್ಟೆವು. ಅಷ್ಟರಲ್ಲಿ, ಒಂಬತ್ತಕ್ಕೆ ಸ್ವಲ್ಪ ಮುಂಚೆ, ಆಟೋ ಬಂತು. ಗಾಡಿ ಆಫ್ ಮಾಡಿ, ಆಫೀಸರ ಹೆಂಡತಿ ಕುಂಕುಮ ಇಟ್ಟರು, ಆರತಿ ಎತ್ತಿದರು. ಮೇಸ್ತ್ರಿ ಕಾಯಿ ಒಡೆದರು. ಒಡೆದ ಕೈ ಅಭ್ಯಾಸದಂತೆ ಎಂಜಿನ್ ಮೇಲೆ ಹೋಯಿತು.

ಚುಂಯ್ ಅಂತು. ಹಬೆ ಎದ್ದು, ಬೆಲ್ಲ ಸೀದ ವಾಸನೆ ಬಂತು. ಆಫೀಸರ ಹೆಂಡತಿ ನಗುತ್ತಾ ಸೆರಗು ಮೂಗಿಗೆ ಹಿಡಿದರು. ಆ ಹಬೆಯ ನಡುವೆ ನನಗೆ 'ಟಕ್' ಅಂತ ಒಂದು ಸದ್ದು ಕೇಳಿಸಿತು. ಆರುತ್ತಿರುವ ಎಂಜಿನ್ನಿನಲ್ಲಿ ಇಂಥ ಸದ್ದು ಹತ್ತಾರು ಬರುತ್ತವೆ, ಹಾಗಾಗಿ ಈ ಸದ್ದನ್ನು ನಾನು ಸಾಕ್ಷಿಯಾಗಿ ಮುಂದಿಡುವುದಿಲ್ಲ.

ರಾಹುಕಾಲ ಕಳೆದ ಮೇಲೆ ಮತ್ತೆ ಸ್ಟಾರ್ಟ್ ಮಾಡಿದಾಗ ಪಟ್ ಪಟ್ ಪಟ್. ಆಫೀಸರ ಮುಖ ಇಳಿಯಿತು.

"ಏನ್ ಮೇಸ್ತ್ರಿ ಇದು?"

"ಬೆಸುಗೆ ಬಿಡ್ತು ಸಾರ್."

ಆಗ ಮೇಸ್ತ್ರಿ ಗಾಡಿಯಿಂದ ಮೂರು ಮಾರು ದೂರದಲ್ಲಿ, ಟವೆಲ್ಲಿನಲ್ಲಿ ಕೈ ಒರೆಸಿಕೊಳ್ಳುತ್ತಾ ನಿಂತಿದ್ದರು. ಇದನ್ನು ಬೇಕಾದರೆ ಸಾಕ್ಷಿಯಾಗಿ ಮುಂದಿಡುತ್ತೇನೆ.

ಮ್ಯಾನಿಫೋಲ್ಡ್ ಬಿಚ್ಚಿ ಬೆಳಕಿಗೆ ಹಿಡಿದೆ. ಬೆಸುಗೆ ನಡುಭಾಗದಲ್ಲಿತ್ತು, ಇದ್ದ ಹಾಗೇ ಇತ್ತು. ಹೊಸ ಬಿರುಕು ಮುಂದಿನ ಕೊಳವೆಯ ತಿರುವಿನಲ್ಲಿ, ಬೆಸುಗೆಯಿಂದ ಒಂದು ಗೇಣು ದೂರ. ಅದರ ಸುತ್ತ ಕಂದು ಬಣ್ಣದ ಕಲೆ, ಅಂಚಿನಲ್ಲಿ ಕಪ್ಪಗೆ ಸೀದ ಪಾಕ. ಕಾಯಿ ನೀರಿನಲ್ಲಿ ಸಕ್ಕರೆಯ ಅಂಶ ಇರುತ್ತದೆ. ಬಿರುಕು ಆ ಕಲೆಯನ್ನು ಸರಿಯಾಗಿ ಇಬ್ಭಾಗ ಮಾಡಿತ್ತು. ಮೇಸ್ತ್ರಿಗೆ ತೋರಿಸಿದೆ. ಅವರು ಹೆಬ್ಬೆರಳಿನಿಂದ ಕಲೆ ಸವರಿದರು, ಬೆಳಕಿಗೆ ಹಿಡಿದು ನೋಡಿದರು.

"ಬೆಸುಗೆ ಎಳ್ದಿದೆ ಕಣೋ. ಅಲ್ಲಿ ಎಳ್ದು ಇಲ್ಲಿ ಬಿಟ್ಟಿದೆ."

"ಒಂದು ಗೇಣು ದೂರಕ್ಕಾ ಮೇಸ್ತ್ರಿ? ಸರಿಯಾಗಿ ನೀರು ಬಿದ್ದ ಕಡೆಗೇನಾ?"

"ನಿಂಗೆ ಎಲ್ಲಾದಕ್ಕೂ ಪಾಟೀಸವಾಲು. ಮೊದ್ಲು ಗಾಡಿ ಓಡ್ಸೋದು ನೋಡು."

ಅವರ ವಾದವನ್ನು ಪೂರ್ತಿ ತಳ್ಳಿಹಾಕಲು ಬರುವುದಿಲ್ಲ. ಬೆಸೆದ ಬೀಡಿನಲ್ಲಿ ಕಾಣದ ಎಳೆತ ಉಳಿದಿರಬಹುದು, ಬೇರೆ ಕಡೆ ಒಡೆಯಬಹುದು. ಅದಕ್ಕೇ ಮೂಲೆಯಲ್ಲಿ ಬಿದ್ದಿದ್ದ, ಯಾರೂ ಎಂದೂ ಬೆಸೆಯದ ಟ್ಯಾಕ್ಸಿ ಮ್ಯಾನಿಫೋಲ್ಡ್ ಒಂದನ್ನು ಎತ್ತಿ, ಇದ್ದಿಲ ಮೇಲೆ ಕಾಯಿಸಿ, ಒಂದು ಲೋಟ ನೀರು ಬಿಟ್ಟೆ. ಟಕ್. ಮೇಸ್ತ್ರಿ ಬಗ್ಗಿ ನೋಡಿ, "ಅದು ಗುಜರಿ ಮಾಲು, ಸೀನಿದ್ರೂ ಒಡೀತಿತ್ತು" ಅಂದರು. ಹಾಗಾದರೆ ಒಳ್ಳೇದನ್ನೇ ಕೊಡಿ ಅಂದೆ. "ಯಾಕೆ, ಅಂಗಡೀಲಿರೋದನ್ನೆಲ್ಲ ಒಡ್ದು ಡಿಬೇಟ್ ಗೆಲ್ತೀಯಾ?"

ಸುದ್ದಿ ಮಾತ್ರ ಅಷ್ಟರಲ್ಲಿ ಸಾರಕ್ಕಿ ಮಾರ್ಕೆಟ್ ದಾಟಿತ್ತು. ಟೀ ಅಂಗಡಿಯವನು ವೆಲ್ಡರನ್ನು ಕಂಡ ಕೂಡಲೇ, "ಏನ್ ಗುರು, ಬಿಸಿ ನೀರು ಕಾಯ್ಸಾ? ಕ್ಷೌರಕ್ಕೆ ತಣ್ಣೀರು ಆಗಲ್ಲ" ಅಂದ. ವೆಲ್ಡರ್ ನೇರ ನಮ್ಮಲ್ಲಿಗೆ ಬಂದು ಮ್ಯಾನಿಫೋಲ್ಡ್ ಎತ್ತಿ ನೋಡಿದ.

"ನನ್ನ ಬೆಸುಗೆ ಇಲ್ಲಿದೆ. ಒಡ್ದಿರೋದು ಅಲ್ಲಿ. ಕಣ್ಣಿರೋರಿಗೆ ಇದನ್ನ ಹೇಳ್ಬೇಕಾ?" ಅಂದವನು ಮೇಸ್ತ್ರಿ ಕಡೆ ನೋಡಿದ. ಮೇಸ್ತ್ರಿ ಯಾವುದೋ ಕಾರ್ಬ್ಯುರೇಟರ್ ಊದುತ್ತಿದ್ದರು. ಅವನು ಮ್ಯಾನಿಫೋಲ್ಡನ್ನು ಮೆಲ್ಲಗೆ ಬೆಂಚಿನ ಮೇಲಿಟ್ಟು ಹೋದ.

ಸಂಜೆ ಆಫೀಸರು ಬಂದು, ಸಿಟಿಯ ಇನ್ನೊಬ್ಬ ವೆಲ್ಡರಿಗೆ ಕೊಡೋಣ, ಅವನು ಬಿರುಕಿನ ಜತೆ ನಡುಭಾಗವನ್ನೂ ಕತ್ತರಿಸಿ ಬೇರೆ ಕೊಳವೆ ಸೇರಿಸುತ್ತಾನಂತೆ ಅಂದರು. ಮೇಸ್ತ್ರಿ ಆಗಲಿ ಅಂತ ತಲೆಯಾಡಿಸಿದರು. ನಡುಭಾಗ ಕತ್ತರಿಸಿದರೆ ಮೊದಲ ಬೆಸುಗೆ ಗುಜರಿಗೆ ಹೋಗುತ್ತದೆ. ಆಮೇಲೆ ಅದು ಕೆಟ್ಟಿತ್ತೋ ಇಲ್ಲವೋ ಅನ್ನುವುದು ಬರೀ ಬಾಯಿಮಾತಾಗುತ್ತದೆ.

ನಾನು ನಡುವೆ ಬಾಯಿ ಹಾಕಿದೆ. "ಸಾರ್, ಮೊದಲನೇ ಬೆಸುಗೆ ಮುಟ್ಟೋದು ಬೇಡ. ಹೊಸ ಬಿರುಕು ಮಾತ್ರ ಬೆಸೆಸೋಣ. ಆ ಬೆಸುಗೆ ನಿಜವಾಗ್ಲೂ ಕೆಟ್ಟಿದ್ರೆ, ಮತ್ತೆ ಕೆಂಪಗೆ ಕಾಯಿಸಿದಾಗ ಅದೇ ಬಿಟ್ಕೊಳ್ಳುತ್ತೆ. ಆಗ ನಿಮ್ಮಿಷ್ಟ ಬಂದಂಗೆ ಕತ್ತರಿಸಿ. ಬಿಡಲಿಲ್ಲ ಅಂದ್ರೆ ಕೆಟ್ಟಿರಲಿಲ್ಲ ಅಂತ ಅರ್ಥ."

ಆಫೀಸರು ಮ್ಯಾನಿಫೋಲ್ಡನ್ನು ತಿರುಗಿಸಿ ನೋಡಿದರು. "ಸರಿಯಾಗೇ ಇದೆ ಕಣ್ರೀ ನೀವು ಹೇಳೋದು. ಯಾರು ಬೆಸೀತಾರೆ?"

"ಮೊದಲು ಬೆಸೆದವರೇ."

ಆಫೀಸರನ್ನು ಒಪ್ಪಿಸಿದ್ದು ಸುಲಭ, ವೆಲ್ಡರನ್ನು ಒಪ್ಪಿಸುವುದು ಕಷ್ಟವಾಯಿತು. ಭಾನುವಾರ ಶೆಡ್ಡಿನಲ್ಲಿ ಒಬ್ಬನೇ ಕೂತಿದ್ದ. "ತಪ್ಪು ಮಾಡ್ದೋನು ತಿದ್ಕೊಳ್ಳೋಕೆ ಬಂದ ಅಂತಾರೆ. ನಾ ಬರಲ್ಲ, ಹೋಗು" ಅಂದ.

"ನೀವು ಬರ್ಲಿಲ್ಲ ಅಂದ್ರೆ ಸಿಟಿಯೋನು ನಿಮ್ಮ ಬೆಸುಗೆ ಕಡ್ದು ಬಿಸಾಕ್ತಾನೆ ಅಣ್ಣ. ಆಮೇಲೆ ಯಾವ್ದನ್ನ ತೋರಿಸ್ತೀರಿ?"

ಸೋಮವಾರ ಬೆಳಿಗ್ಗೆ ಅವನೇ ಬಂದು ಒಲೆಗೆ ಇದ್ದಿಲು ತುಂಬಿದ.

ಮತ್ತದೇ ಕ್ರಮ ನಡೆಯಿತು, ತೂತು, ಕಾಲುವೆ, ಒಲೆ, ಸುಣ್ಣದ ಡ್ರಮ್ಮು ಎಲ್ಲ. ತೆಗೆದ ಮೇಲೆ ಎರಡೂ ಬೆಸುಗೆಗೆ ಸೀಮೆಎಣ್ಣೆ ಸವರಿ ಸುಣ್ಣ ಉದುರಿಸಿದೆವು. ಎರಡರಲ್ಲೂ ಗೆರೆ ಬರಲಿಲ್ಲ. ಹೊಸ ಗ್ಯಾಸ್ಕೆಟ್ ಕತ್ತರಿಸಿ, ಮೆಟ್ಟಿಲು ವಾಷರುಗಳನ್ನು ಹಾಕಿ, ನಡುವಿನಿಂದ ಹೊರಕ್ಕೆ ಬಿಗಿದೆ. ಈ ಸಲ ಕಾಯಿ ಮೊದಲೇ ಬಂದಿತ್ತು. ಎಂಜಿನ್ ತಣ್ಣಗಿತ್ತು. ಮೇಸ್ತ್ರಿ ಕಾಯಿ ಒಡೆದು, ನೀರನ್ನು ಮುಂದಿನ ಟೈರಿಗೆ ಬಿಟ್ಟರು. ನಾನು ಆ ಗ್ಯಾರೇಜಿಗೆ ಸೇರಿದಾಗಿನಿಂದ ಅವರು ಟೈರಿಗೆ ಬಿಟ್ಟದ್ದು ಅದೇ ಮೊದಲು.

ಗಾಡಿಯನ್ನು ಕನಕಪುರ ರಸ್ತೆಯಲ್ಲಿ ತಲಘಟ್ಟಪುರದವರೆಗೆ ಓಡಿಸಿದೆ. ಪಕ್ಕದ ಸೀಟಿನಲ್ಲಿ ವೆಲ್ಡರ್. ಏರಿನಲ್ಲಿ ಬೇಕೆಂದೇ ಮೇಲಿನ ಗೇರಿನಲ್ಲಿ ಎಳೆಸಿದೆ, ಮ್ಯಾನಿಫೋಲ್ಡ್ ಎಷ್ಟು ಕಾಯಬಹುದೋ ಅಷ್ಟು ಕಾಯಲಿ ಅಂತ. ಅವನ ಊರಿನ ಜನ ಕೈ ಬೀಸಿದರು. ಅವನು ಬೀಸಲಿಲ್ಲ, ಕಿವಿಯನ್ನು ಬಾನೆಟ್ ಕಡೆ ಇಟ್ಟು ಕೂತಿದ್ದ. ವಾಪಸ್ ಬಂದು, ಆರಿದ ಮೇಲೆ ಮತ್ತೆ ಸುಣ್ಣ ಉದುರಿಸಿದೆವು. ಆಗಲೂ ಗೆರೆ ಇರಲಿಲ್ಲ. ರ‍್ಯಾಲಿಯಲ್ಲೂ ಗಾಡಿ ನಿಲ್ಲದೆ ಓಡಿತು.

ನನ್ನ ಲೆಕ್ಕದಲ್ಲಿ ಅಲ್ಲಿಗೆ ಮೊಕದ್ದಮೆ ಮುಗಿಯಬೇಕಿತ್ತು. ಮೊದಲ ಬೆಸುಗೆ ಎರಡು ಬೆಂಕಿ ದಾಟಿ ನಿಂತಿದೆ, ಅದಕ್ಕಿಂತ ಸಾಕ್ಷಿ ಇನ್ನೇನು ಬೇಕು? ಆದರೆ ಬಾನೆಟ್ ಎತ್ತಿ ಯಾರು ನೋಡುತ್ತಾರೆ. ಜನರಿಗೆ ಕಂಡದ್ದು ಇಷ್ಟೇ: ಮೊದಲ ಸಲ ನಿಲ್ಲಲಿಲ್ಲ, ಎರಡನೇ ಸಲ ನಿಂತಿತು. "ನೋಡಿದ್ಯಾ, ಮನಸ್ಸಿಟ್ಟು ಮಾಡಿದ್ರೆ ಬರುತ್ತೆ ಅವ್ನಿಗೆ" ಅಂದ ಟೀ ಅಂಗಡಿಯವನು. ಪಂಪ್ ಸೆಟ್ಟಿನವರೂ ಅದನ್ನೇ ಅಂದರು, ಸ್ವಲ್ಪ ಮರ್ಯಾದೆಯಿಂದ: ನಮಗೆ ಮೊದಲನೇ ಸಲವೇ ಸರಿಯಾಗಿ ಮಾಡುವವರು ಬೇಕು. ನಾನು ವರ್ಕ್‌ಶಾಪಿಗೇ ಹೋಗಿ ವಾದ ಮಾಡಿದೆ. ಅಲ್ಲಿನ ಫೋರ್‌ಮನ್ ಎಲ್ಲ ಕೇಳಿ, "ನಿಮ್ಮ ಮೇಸ್ತ್ರಿ ಏನಂತಾರೆ?" ಅಂದ. ನಾನು ಸೈಕಲ್ ಹತ್ತಿ ವಾಪಸ್ ಬಂದೆ.

ವೆಲ್ಡರ್ ಈಗ ಬನಶಂಕರಿಯಲ್ಲಿದ್ದಾನೆ. ಹೊಸ ಮನೆಗಳಿಗೆ ಕಿಟಕಿ ಗ್ರಿಲ್ಲು, ಗೇಟು ಮಾಡುತ್ತಾನೆ. ಕೆಲಸಕ್ಕೆ ಬರವಿಲ್ಲ. ಬೀಡು ಮುಟ್ಟುವುದಿಲ್ಲ. ದಾರಿಯಲ್ಲಿ ಸಿಕ್ಕಾಗ ಮಾತಾಡಿಸುತ್ತಾನೆ, ಆ ಕಾರಿನ ಸುದ್ದಿ ಎತ್ತುವುದಿಲ್ಲ.

ಮೇಸ್ತ್ರಿ ಕೆಟ್ಟವರಲ್ಲ. ನಾನು ಕಾಯಿಲೆ ಬಿದ್ದಾಗ ಮನೆವರೆಗೂ ಬಂದು ನೋಡಿದವರು. ಗಿರಾಕಿ ಎದುರು ನಿಂತಿದ್ದಾಗ ಬಾಯಿಂದ ಒಂದು ಮಾತು ಜಾರಿರಬಹುದು, ಅದು ಯಾರಿಗೂ ಆಗುವಂಥದ್ದು. ಜಾರಿದ ಮಾತನ್ನು ಮತ್ತೆ ಮತ್ತೆ ಹೇಳುವುದು ಬೇರೆ. ನಾನು ಈಗಲೂ ಅದೇ ಗ್ಯಾರೇಜಿನಲ್ಲಿದ್ದೇನೆ. ಮೊನ್ನೆ ಒಬ್ಬ ಗಿರಾಕಿ ಸೀಳಿದ ಪಂಪಿನ ಮೈ ಹಿಡಿದುಕೊಂಡು ಬಂದು, ಇಲ್ಲಿ ಬೀಡು ಬೆಸೆಯುವವನೊಬ್ಬ ಇದ್ದನಲ್ಲ ಅಂತ ಕೇಳಿದ. ಮೇಸ್ತ್ರಿ ಟೀ ತರಿಸಿ, ಕೂರಿಸಿ, ಕಥೆಯನ್ನು ಮೊದಲಿನಿಂದ ಹೇಳಿದರು. ಮೀಸೆ ಪಂಥಕ್ಕೆ ಗಿರಾಕಿ ನಕ್ಕ. "ಕೈ ಒಳ್ಳೇದೇ ಸಾರ್ ಅವಂದು. ಆದ್ರೆ ಮೊದಲನೇ ಬೆಸುಗೆ ನಿಲ್ಲಲ್ಲ" ಅಂದರು ಮೇಸ್ತ್ರಿ.

ನಾನು ಪಕ್ಕದ ಗಾಡಿಯ ಕೆಳಗಿಂದ ಎದ್ದು ಬಂದು, ಕೈ ಒರೆಸಿಕೊಂಡು, ಗಿರಾಕಿಯ ಎದುರಿಗೇ ಕೇಳಿದೆ:

"ಮೇಸ್ತ್ರಿ, ಎರಡನೇ ಸಲ ಕಾಯಿ ನೀರನ್ನ ಟೈರಿಗೆ ಯಾಕೆ ಬಿಟ್ರಿ?"